ಲೋಟಕ್ಕೆ ಕಾನೂನು ಬೇಡ

ವಿದ್ಯಾರಣ್ಯಪುರದ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿದ ಹಿರಿಯರು ಕೂರುವ ಬೆಂಚು ಅರ್ಧ ವಿಧಾನಸೌಧ, ಅರ್ಧ ಅಮೆರಿಕನ್ ಕಾನ್ಸುಲೇಟು. ಇವರು ಬಿಇಎಲ್ ನಿವೃತ್ತರು, ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಗವರ್ನರ್ ನ್ಯೂಸಮ್ ಪೆನ್ನು ಎತ್ತಿದರೆ ಇಲ್ಲಿ ವಾಟ್ಸಾಪ್ ಟಿಂಗ್ ಎನ್ನುತ್ತದೆ.

2025ರ ಅಕ್ಟೋಬರಿನಲ್ಲಿ ನ್ಯೂಸಮ್ ಎಬಿ 715 ಮಸೂದೆಗೆ ಸಹಿ ಹಾಕಿದರು. ಸರ್ಕಾರಿ ಶಾಲೆಗಳಲ್ಲಿ ಯೆಹೂದಿ ದ್ವೇಷ ತಡೆಯಲು ಒಬ್ಬ ಸಂಯೋಜಕ, ಅದಕ್ಕೊಂದು ಕಚೇರಿ. ‘ಬೇಕೇ ಬೇಕು ಸಾರ್’ ಎಂದು ಬೆಂಚು ತಲೆದೂಗಿತು. ನಿಜ, ಬೇಕು. ಹುಟ್ಟಿದ ತಪ್ಪಿಗೆ ಯಾವ ಮಗುವೂ ತರಗತಿಯಲ್ಲಿ ತಲೆ ತಗ್ಗಿಸಿ ಕೂರಬಾರದು.

ಎರಡು ವರ್ಷ ಮೊದಲು, 2023ರ ಅಕ್ಟೋಬರಿನಲ್ಲಿ, ಇದೇ ಗವರ್ನರ್ ಜಾತಿ ತಾರತಮ್ಯ ನಿಷೇಧಿಸುವ ಎಸ್‌ಬಿ 403 ಮಸೂದೆಯನ್ನು ವೀಟೊ ಮಾಡಿದ್ದರು. ಇರುವ ಕಾನೂನೇ ಸಾಕು, ಹೊಸದು ಅನಗತ್ಯ ಎಂಬುದು ಕಾರಣ. ಅವತ್ತೂ ಬೆಂಚು ತಲೆದೂಗಿತು: ‘ಜಾತಿ ಎಲ್ಲಿದೆ ಸಾರ್? ಎಲ್ಲಾ ನಮ್ಮ ಹೆಸರು ಕೆಡಿಸೋಕೆ!’

ಹೀಗೆಂದವರ ಮನೆಯ ಹಿತ್ತಿಲ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಬೋರಲು ಬಿದ್ದಿರುತ್ತದೆ, ಅಂಚು ಸೊಟ್ಟಗಾದದ್ದು. ಕೆಲಸದಾಕೆ ಆ ಮನೆಯ ಪಾತ್ರೆಯನ್ನೆಲ್ಲ ತೊಳೆಯುತ್ತಾಳೆ, ಕಾಫಿ ಮಾತ್ರ ಈ ಲೋಟದಲ್ಲೇ. ತೊಳೆಯುವಾಗ ಇಲ್ಲದ ಮೈಲಿಗೆ ಕುಡಿಯುವಾಗ ಎಲ್ಲಿಂದ ಬಂತು? ‘ಅದು ಜಾತಿಯಲ್ಲ ಸಾರ್, ಹೈಜೀನ್.’

ಆಕೆಯ ಮಗಳ ಶಾಲೆಯ ಸಮಸ್ಯೆಯೂ ಸಲೀಸಾಗಿ ಬಗೆಹರಿದಿದೆ. ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಶೇ. 25 ಸೀಟು ಕೊಡಿ ಎಂದಿತ್ತು 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ). 2012ರಲ್ಲಿ ನಂದಿನಿ ಲೇಔಟಿನ ಶಾಲೆಯೊಂದರಲ್ಲಿ ಆರ್‌ಟಿಇ ಮಕ್ಕಳ ಗುರುತಿಗೆಂದು ತಲೆಗೂದಲು ಕತ್ತರಿಸಿದರೆಂಬ ಆರೋಪ ಎದ್ದು ಊರೆಲ್ಲ ಗದ್ದಲ. ಕೊನೆಗೆ ಕಟ್ ಆದದ್ದು ಸೀಟು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಯವರು ಕೊಡಬೇಕಿಲ್ಲ ಎಂದು 2018ರ ಕೊನೆಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಗುವೇ ಒಳಗೆ ಬಾರದ ಮೇಲೆ ತಾರತಮ್ಯ ಮಾಡುವುದು ಯಾರಿಗೆ? ಕಾನೂನು ಪಾಲನೆ ನೂರಕ್ಕೆ ನೂರು!

ಈಗ ಬೆಂಚಿನದು ಹೊಸ ಬೇಡಿಕೆ. ಅಮೆರಿಕದಲ್ಲಿ ಮೊಮ್ಮಗನ ಡಬ್ಬಿಯ ಇಂಗಿನ ಒಗ್ಗರಣೆಗೆ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡನಂತೆ. ಅದಕ್ಕೂ ಒಂದು ಕಾನೂನು ಬೇಕಂತೆ. ಧಾರಾಳವಾಗಿ ಬರಲಿ. ನಮಗಾಗುವ ಅವಮಾನಕ್ಕೆ ಹೊಸ ಕಾನೂನು. ನಾವು ಮಾಡುವ ಅವಮಾನಕ್ಕೆ, ಗವರ್ನರೇ ಹೇಳಿದ ಹಾಗೆ, ಇರುವುದೇ ಸಾಕು.