ಐದು ಅಂಕದ ಸಂಕೇತಮೀಮಾಂಸೆ

ಇನ್ನು ಸಂಕೇತವಿಚಾರ. ಕಾದಂಬರಿಯಲ್ಲಿ ಯಾವುದು ಏನಾಗಿ ಕಾಣುತ್ತದೋ ಅದು ಅದಲ್ಲ, ಬೇರೇನೋ. ಆ ಬೇರೇನೋ ಮೇಷ್ಟ್ರಿಗೆ ಮಾತ್ರ ಗೊತ್ತು. ಇದು ಲಕ್ಷಣ. ಎರಡು ಅಂಕದ ಪ್ರಶ್ನೆಯಲ್ಲಿ ನಾಯಿ ಬರೀ ನಾಯಿ. ಐದಕ್ಕೆ ಏರಿದರೆ ನಿಷ್ಠೆ. ಹತ್ತಕ್ಕೆ, ಶೋಷಿತರ ಮೂಕವೇದನೆ. ಇದು ಪ್ರಮಾಣ.

ಹೈದರಾಬಾದಿನಲ್ಲಿ ಈ ಶಾಸ್ತ್ರಕ್ಕೇನು ಅಧಿಕಾರ ಎಂಬುದು ಪೂರ್ವಪಕ್ಷ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಕವಿರಾಜಮಾರ್ಗ ಸಾವಿರದ ನೂರು ವರ್ಷಗಳ ಹಿಂದೆಯೇ ಹೇಳಿಯಾಗಿದೆ; ಗೋದಾವರಿ ಹರಿಯುವುದು ಹೈದರಾಬಾದಿನ ಉತ್ತರಕ್ಕೆ. ಇದಕ್ಕೂ ಬಗ್ಗದವರಿಗೆ: 1956ರ ನವೆಂಬರ್ 1ರ ತನಕ ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದೇ ರಾಜಧಾನಿ. ಓದಿಗೆ, ನೌಕರಿಗೆ, ಕೋರ್ಟಿಗೆಂದು ಬಂದವರಲ್ಲಿ ಎಷ್ಟೋ ಮಂದಿ ಇಲ್ಲೇ ಉಳಿದರು. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯೇ ಇದೆ. ಅಧಿಕಾರ ಸಿದ್ಧ.

ನಮ್ಮ ಪ್ರಯೋಗ ನಡೆದದ್ದು ಆ ಸುತ್ತಿನದೇ ಒಂದು ಮನೆಯ ಮಾಳಿಗೆ ಮೇಲೆ, ಭಾನುವಾರದ ಟ್ಯೂಷನ್ನಿನಲ್ಲಿ. ಗ್ರಂಥ ಶಿವರಾಮ ಕಾರಂತರ ‘ಚೋಮನ ದುಡಿ’, 1933. ಅದನ್ನು 1975ರಲ್ಲಿ ಸಿನಿಮಾ ಮಾಡಿದವರು ಬಿ. ವಿ. ಕಾರಂತರು. ಇಬ್ಬರೂ ಒಬ್ಬರೇ ಎಂದು ಬರೆದವರಿಗೆ ಅರ್ಧ ಅಂಕ ಕೊಟ್ಟೆ. ಅದ್ವೈತವೂ ನಮ್ಮದೇ ದರ್ಶನ ತಾನೇ.

ಮೊದಲು ಶ್ವಾನಪ್ರಕರಣ. ಚೋಮನ ನಾಯಿಯ ಹೆಸರು ಬಾಡು. ‘ಬಾಡುವ ಬದುಕಿನ ಸಂಕೇತ’ ಎಂದು ಬೋರ್ಡಿನ ಮೇಲೆ ಬರೆದೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರ ಮಗನೊಬ್ಬ, ‘ನಮ್ಮನೇಲಿ ಬಾಡು ಅಂದ್ರೆ ಮಟನ್ ಸಾರ್’ ಅಂದ. ಒಂದು ಪದಕ್ಕೆ ಇಷ್ಟು ಅರ್ಥ ಹೊರಟರೆ ಅದು ಶ್ಲೇಷೆ; ಕಾರಂತರಿಗೆ ಗೊತ್ತಿತ್ತೋ ಇಲ್ಲವೋ, ಶಾಸ್ತ್ರಕ್ಕೆ ಅದು ಬೇಡ.

ಆಮೇಲೆ ಜಲಪ್ರಕರಣ. ನದಿ ಎಂದರೆ ಬದುಕು, ನೀರು ಎಂದರೆ ಶುದ್ಧಿ. ನಮ್ಮ ಗೈಡಿನಲ್ಲಿ ಹಾಗೇ ಅಚ್ಚಾಗಿದೆ. ‘ಚಾದರ್‌ಘಾಟ್ ಬ್ರಿಜ್ ಮ್ಯಾಲೆ ಮೂಗು ಮುಚ್ಚಿಕೊಂಡು ಬರ್ತೀವ್ರಿ ಸರ್, ಮೂಸಿನೂ ಬದುಕೇ ಏನ್ರಿ?’ ಎಂದು ಒಬ್ಬ ಕೇಳಿದ. ಹೌದು, ಯಥಾರ್ಥವಾದಿ ಬದುಕು ಅಂದೆ. ಎಲ್ಲರೂ ನಕ್ಕರು. ಹಿಂದಿನ ಸಾಲಿನ ಹುಡುಗಿ ನಗಲಿಲ್ಲ. ಅವಳು ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವ ಪುಟದ ಮೇಲೆ ಬೆರಳಿಟ್ಟುಕೊಂಡಿದ್ದಳು. ದಡದಲ್ಲಿ ಜನ ಇದ್ದರು. ಹೊಲೆಯರ ಹುಡುಗನೆಂದು ಯಾರೂ ಮುಟ್ಟಿ ಎತ್ತಲಿಲ್ಲ. ‘ಇಲ್ಲೂ ಶುದ್ಧಿ ಅಂತನೇ ಬರೀಬೇಕೇನ್ರಿ ಸರ್?’

ಈ ಅಧಿಕರಣದ ಭಾಷ್ಯ ಲುಪ್ತವಾಗಿದೆ.

ಕೊನೆಗೆ ದುಡಿಪ್ರಕರಣ, ಶಾಸ್ತ್ರದ ಕಿರೀಟ. ದುಡಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಬಾರಿಸಿದರೆ ವಾದ್ಯ, ಧಣಿಯ ಬಾಯಲ್ಲಿ ಬಂದರೆ ಆಜ್ಞೆ. ಚೋಮನ ಹತ್ತಿರ ಎತ್ತಿದ್ದವು, ಉಳಲು ತುಂಡು ನೆಲವಿರಲಿಲ್ಲ. ಆದ್ದರಿಂದ ಹಗಲು ಎರಡನೆಯ ಅರ್ಥ, ರಾತ್ರಿ ಮೊದಲನೆಯದು. ಈ ವ್ಯುತ್ಪತ್ತಿಗೆ ನಾನೇ ಬೆರಗಾಗಿ ಬೋರ್ಡಿನ ಮೇಲೆ ದುಡಿಯ ಚಿತ್ರ ಬರೆದೆ. ನಾನು ದುಡಿ ನೋಡಿದವನಲ್ಲ. ಅದು ಶಿವನ ಡಮರುವಿಗೂ ಉಪ್ಪಿನಕಾಯಿ ಭರಣಿಗೂ ನಡುವಿನ ಆಕಾರಕ್ಕೆ ಬಂತು.

ಮೂರನೆಯ ಸಾಲಿನವನು ಎದ್ದು ನಿಂತ. ‘ಸರ್, ಚೋಮ ಅದನ್ನ ಕಾಸ್ತಿದ್ದನೇನ್ರಿ?’

‘ಏನನ್ನ?’

‘ದುಡಿ ರೀ. ಆ ಕಡೆ ಮಳಿ ಭಾಳ ಅಂತೀರಿ. ಥಂಡಿಗೆ ಚರ್ಮ ಮೆತ್ತಗಾಗ್ತದ. ಆಷಾಢದಾಗ ಬೋನಾಲು ಹಬ್ಬ ಬಂದ್ರ ನಮ್ಮ ಗಲ್ಲಿ ಮಂದಿ ಕಾಗದ, ಕಸ ಒಟ್ಟಿ ಉರಿ ಹಚ್ಚಿ ಹಲಗಿ ಕಾಸ್ತಾರ. ಬೆರಳಿಲೆ ಟಣ್ ಅಂತ ಬಡದು ನೋಡ್ತಾರ. ಸಪ್ಪಳ ಬರ್ಲಿಲ್ಲ ಅಂದ್ರ ಮತ್ತ ಬೆಂಕಿ ಮುಂದ ಹಿಡೀತಾರ. ಆಮ್ಯಾಲೆ ಪೋತರಾಜು ಕುಣೀತಾನ. ಚೋಮ ಸಾಯೋ ರಾತ್ರಿ ಅಷ್ಟೊತ್ತು ಬಾರಿಸ್ಯಾನಲ್ರಿ, ಒಬ್ಬನೇ. ಕಾಸಿಕೊಟ್ಟವರು ಯಾರು?’

ಮಾಳಿಗೆ ಸುಮ್ಮನಾಯಿತು. ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಇನ್ನೊಬ್ಬನನ್ನು ದಖನಿಯಲ್ಲಿ ಬೈಯುತ್ತಿದ್ದ. ಗೈಡು ತಿರುವಿ ಹಾಕಿದೆ. ದುಡಿ: ಅಂತರಂಗದ ಆಕ್ರೋಶ, ಐದು ಅಂಕ. ಕಾಸುವ ಮಾತು ಎಲ್ಲಿಯೂ ಇಲ್ಲ.

‘ಕೂತ್ಕೋ’ ಅಂದು ಸೀಮೆಸುಣ್ಣ ತೆಗೆದುಕೊಂಡು ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದೆ. ಬೆಂಕಿ: ಕ್ರಾಂತಿಯ ಸಂಕೇತ, ಎರಡು ಅಂಕ. ಎಲ್ಲರೂ ಬರೆದುಕೊಂಡರು, ಅವನೂ.