ಮಚ್ಚೆಯಿಲ್ಲದ ಕುದುರೆಗೊಂದು ಪರ್ಮಿಟ್ಟು

ಕಾರಹುಣ್ಣಿಮೆಯ ಮುಂಜಾನೆ ನಮ್ಮ ಹಾವೇರಿ ಸೀಮೆಯಲ್ಲಿ ಮಚ್ಚೆ ಹುಟ್ಟಿಸುವುದು ಬಲು ಸಲೀಸು. ಬೋಗುಣಿಯಲ್ಲಿ ಹುರಮಂಜು ಕಲಸಬೇಕು, ಚಾ ಕುಡಿದ ಲೋಟದ ಬಾಯಿ ಅದರಲ್ಲಿ ಅದ್ದಬೇಕು, ಬಿಳಿ ಎತ್ತಿನ ಬೆನ್ನಿಗೆ ಒತ್ತಬೇಕು. ಎತ್ತು ಒಮ್ಮೆ ಚರ್ಮ ಅದುರಿಸುತ್ತದೆ, ಅಷ್ಟೇ. ಹತ್ತು ನಿಮಿಷದಲ್ಲಿ ಮೈತುಂಬ ಚಿಕ್ಕಿ. ಅಪ್ಪ ಯಾರು, ಅವ್ವ ಯಾರು ಎಂದು ಯಾರೂ ಕೇಳುವುದಿಲ್ಲ. ಲೋಟವನ್ನು ತೊಳೆಯದೆ ಒಳಗಿಟ್ಟರೆ ಮಾತ್ರ ಮನೆಯಾಕೆಯಿಂದ ಪ್ರತ್ಯೇಕ ಪೂಜೆ.

ಪಾಪ, ಅಮೆರಿಕದವರಿಗೆ ಈ ಲೋಟದ ವಿದ್ಯೆ ಗೊತ್ತಿಲ್ಲ. ಅಲ್ಲಿ ಅಪಲೂಸಾ ಎಂಬ ಚಿಕ್ಕಿ ಕುದುರೆಯ ತಳಿಯೊಂದಿದೆ. ಪಲೂಸ್ ನದಿಯ ಸೀಮೆಯಲ್ಲಿ ನೆಜ್ ಪರ್ಸ್ ಎಂಬ ಮೂಲನಿವಾಸಿಗಳು ಸಾಕಿದ ಕುದುರೆ. 1877ರಲ್ಲಿ ಸರ್ಕಾರದ ದಂಡು ಆ ಜನರನ್ನು ನೂರಾರು ಮೈಲಿ ಅಟ್ಟಿಸಿಕೊಂಡು ಹೋಗಿ ಸೋಲಿಸಿತು, ಕುದುರೆಗಳನ್ನು ಕಿತ್ತುಕೊಂಡಿತು. ಅರವತ್ತೊಂದು ವರ್ಷ ಕಳೆದ ಮೇಲೆ, 1938ರಲ್ಲಿ, ತಳಿ ಅಳಿದುಹೋಗುತ್ತಿದೆ ಎಂದು ಮರುಗಿದ ಬಿಳಿಯರೇ ಒಂದು ಕ್ಲಬ್ಬು ಕಟ್ಟಿದರು. ಮೊದಲು ಮನೆ ಸುಡುವುದು, ಆಮೇಲೆ ಬೂದಿಗೆ ಟ್ರಸ್ಟು ಮಾಡುವುದು. ಈ ಪದ್ಧತಿ ನಮಗೂ ಹೊಸದಲ್ಲ ಬಿಡಿ.

ಕ್ಲಬ್ಬು ಬಂದ ಮೇಲೆ ನಿಯಮ ಬರಲೇಬೇಕು. ಮೈಮೇಲೆ ಮಚ್ಚೆ ಇದ್ದರೆ, ಅಥವಾ ಚುಕ್ಕಿ ಚರ್ಮದ ಜೊತೆಗೆ ಗೊರಸಿನ ಗೆರೆ, ಕಣ್ಣಂಚಿನ ಬಿಳುಪಿನಂಥ ಇನ್ನೊಂದು ಗುರುತಿದ್ದರೆ ಅದು ಅಪಲೂಸಾ. ಆದರೆ ಅಪ್ಪ ಅವ್ವ ಇಬ್ಬರೂ ಅಪ್ಪಟ ಅಪಲೂಸಾ ಆಗಿದ್ದೂ ಮರಿ ಬೋಳುಮೈಯದಾಗಿ ಹುಟ್ಟಬಹುದು. ಮಚ್ಚೆಯ ವಂಶವಾಹಿಯ ಒಂದೊಂದೇ ಪ್ರತಿ ಹೊತ್ತ ಜೋಡಿಗೆ ಹುಟ್ಟುವ ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಹೀಗಾಗುತ್ತದೆ. ಅಂಥದಕ್ಕೆ ದಫ್ತರದಲ್ಲಿ ‘ಲಕ್ಷಣವಿಲ್ಲದ್ದು’ ಎಂದು ಬರೆಯುತ್ತಾರೆ. ಅದನ್ನು ಸ್ಪರ್ಧೆಗೆ ಇಳಿಸಬೇಕಾದರೆ ಡಿಎನ್‌ಎ ಪರೀಕ್ಷೆಯಿಂದ ಅಪ್ಪ ಅವ್ವನನ್ನು ಸಾಬೀತು ಮಾಡಬೇಕು, ಮೇಲೆ ಪ್ರತ್ಯೇಕ ಪರ್ಮಿಟ್ಟು, ಅದಕ್ಕೆ ಪ್ರತ್ಯೇಕ ದುಡ್ಡು. ತಮಾಷೆ ಇರುವುದು ಇನ್ನೊಂದು ಕಡೆ. ಹೊರತಳಿಯ ಕ್ವಾರ್ಟರ್ ಹಾರ್ಸ್ ಜೊತೆ ಬೆರೆತು ಹುಟ್ಟಿದ ಅರೆಪಾಲಿನ ಮರಿಗೆ ಮೈಮೇಲೆ ನಾಲ್ಕು ಚಿಕ್ಕಿ ಇದ್ದರೆ ಸಾಕು, ಅದು ರಾಜಮಾರ್ಗದಲ್ಲಿ ಒಳಗೆ. ಎರಡೂ ಕಡೆಯಿಂದ ಪೂರ್ತಿ ರಕ್ತ ಇರುವ ಬೋಳು ಮರಿ ಕೌಂಟರಿನ ಮುಂದೆ ಪಾಳಿ ಹಚ್ಚಬೇಕು.

ನಮ್ಮ ಓಣಿಯ ಹೋರಿ ಕಾಕಾನಿಗೆ ಇದನ್ನು ಹೇಳಿದೆ. ದೀಪಾವಳಿಯ ಕೊಬ್ಬರಿ ಹೋರಿ ಹಬ್ಬಕ್ಕೆ ಅವನ ಹೋರಿ ಓಡುತ್ತದೆ. ಮನೆಮಂದಿಗಿಂತ ಚಲೋ ಉಣ್ಣುತ್ತದೆ ಎಂಬುದು ಕಾಕೂನ ಆರೋಪ. ಕಾಕಾ ಕೇಳಿದ್ದು ಒಂದೇ ಮಾತು: “ಓಡ್ತೈತೋ ಇಲ್ಲೋ?”

“ಓಡುತ್ತೆ ಕಾಕಾ. ಮಚ್ಚೆ ಇದ್ದದ್ದರಷ್ಟೇ ಓಡುತ್ತೆ.”

“ಮತ್ತ ಯಾಕ ಚೀಟಿ?”

ಈ ಪ್ರಶ್ನೆಗೆ ಉತ್ತರ ಕೊಡಲು ಒಂದು ಕಚೇರಿಯೇ ಬೇಕು, ಅದಕ್ಕೇ ಅವರು ಕಚೇರಿ ಇಟ್ಟಿದ್ದಾರೆ. ನಮ್ಮ ಅಖಾಡದಲ್ಲಿ ಹೋರಿಯ ಕೊರಳ ತುಂಬ ಕೊಬ್ಬರಿ ಬಟ್ಟಲಿನ ಹಾರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲ. ಇಷ್ಟೆಲ್ಲ ಹೇರಿದ ಮೇಲೆ ಒಳಗಿನ ಬಣ್ಣ ಯಾವುದು ಎಂದು ಅದರ ಮಾಲಕನಿಗೇ ಮರೆತಿರುತ್ತದೆ. ಎರಡೂ ಬದಿ ನಿಂತ ಹುಡುಗರು ಕೊಬ್ಬರಿ ಹರಿಯಲು ಮುಗಿಬೀಳುತ್ತಾರೆ, ಕೈಗೆ ಸಿಗದೆ ದಾಟಿದ ಹೋರಿಗೆ ಬಹುಮಾನ. ಇದೇನು ಸಾಧುಗಳ ಆಟವಲ್ಲ. ತಿವಿಸಿಕೊಂಡು ಆಸ್ಪತ್ರೆ ಸೇರಿದವರೂ ಇದ್ದಾರೆ, ಮನೆಗೆ ಮರಳದವರೂ ಇದ್ದಾರೆ. ಹೋರಿ ತಿವಿಯುವಾಗ ಎದುರಿನವನ ಬಣ್ಣ ನೋಡುವುದಿಲ್ಲ ಎಂಬುದಷ್ಟೇ ಅದರ ಪರವಾಗಿ ಹೇಳಬಹುದಾದದ್ದು.

ಕ್ಲಬ್ಬಿನವರನ್ನು ಒಮ್ಮೆ ರಾಣೆಬೆನ್ನೂರಿಗೆ ಕರೆದುಕೊಂಡು ಬರಬೇಕು ಅನಿಸುತ್ತದೆ. 1974ರಿಂದ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಇದೆ, 119 ಚದರ ಕಿಲೋಮೀಟರು. ಹೆಸರು ಕೃಷ್ಣಮೃಗ, ಕಪ್ಪಾಗುವುದು ಮಾತ್ರ ಬಲಿತ ಗಂಡು. ಹೆಣ್ಣೆಲ್ಲ ಕಂದು, ಎಳೆಯ ಗಂಡೂ ಕಂದು. ಅಂದರೆ ಹಿಂಡಿನ ಬಹುಪಾಲು ‘ಲಕ್ಷಣವಿಲ್ಲದ್ದು’. ಕ್ಲಬ್ಬಿನ ಕಾಯ್ದೆ ತಂದರೆ ಅಷ್ಟೂ ಹೆಣ್ಣುಗಳು ಡಿಎನ್‌ಎ ವರದಿ ಹಿಡಿದು ಅರಣ್ಯ ಇಲಾಖೆಯ ಗೇಟಿನ ಮುಂದೆ ನಿಲ್ಲಬೇಕಾದೀತು. ಪಕ್ಕದ ಗೋವಿನಜೋಳದ ಹೊಲದ ರೈತ ಮಾತ್ರ ಈ ವಿಷಯದಲ್ಲಿ ಸಮದರ್ಶಿ. ರಾತ್ರಿ ಮೇಯ್ದು ಹೋದದ್ದು ಕಪ್ಪೋ ಕಂದೋ ಎಂದು ಅವನು ಭೇದ ಎಣಿಸುವುದಿಲ್ಲ, ಎರಡಕ್ಕೂ ಒಂದೇ ಬೈಗುಳ.

ಬೀದರಿನ ಕಡೆಯ ದನಗಾರರು ಈ ತಕರಾರನ್ನು ಇನ್ನೂ ಅಗ್ಗದಲ್ಲಿ ತೀರಿಸಿದ್ದಾರೆ. ಅಲ್ಲಿನ ದೇವಣಿ ತಳಿಯಲ್ಲಿ ಬಿಳಿಯ ಮೇಲೆ ಕರಿ ಮಚ್ಚೆ ಇದ್ದದ್ದು ಶೇವರಾ, ಮೈ ಬಿಳಿದಾಗಿ ಮುಖದಲ್ಲಿ ಮಾತ್ರ ಕಪ್ಪಿದ್ದದ್ದು ವಾನ್ನೇರಾ, ಪೂರ್ತಿ ಬಿಳಿಯದು ಬಾಳಂಕ್ಯಾ. ಮೂರೂ ದೇವಣಿಯೇ. ಬಣ್ಣ ಬೇರೆಯಾದರೆ ಹೆಸರು ಬೇರೆ ಇಟ್ಟರಾಯಿತು, ತಳಿಯಿಂದ ಹೊರಗೆ ಹಾಕುವುದು ಯಾಕೆ? ಮೂರು ಶಬ್ದಗಳಲ್ಲಿ ಮುಗಿದ ಕೆಲಸಕ್ಕೆ ಕ್ಲಬ್ಬಿನವರು ಒಂದು ಪ್ರಯೋಗಾಲಯ ಹೂಡಿದ್ದಾರೆ.

ಇಷ್ಟು ಹೇಳಿ ಮೀಸೆ ತಿರುವುವಷ್ಟರಲ್ಲಿ ಬ್ಯಾಡಗಿಯ ಘಾಟು ಮೂಗಿಗೆ ಬಡಿಯುತ್ತದೆ. ಬಣ್ಣಕ್ಕೇ ಬೆಲೆ ಕಟ್ಟುವ ಊರು ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ! ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಕೆಂಪು ಜಾಸ್ತಿ, ಮೈ ಸುಕ್ಕು. 2011ರಲ್ಲಿ ಭೌಗೋಳಿಕ ಸೂಚಿಕೆಯ ಪಟ್ಟವೂ ಸಿಕ್ಕಿತು. ಅದರ ಬಣ್ಣ ತೆಗೆದು ತುಟಿಗೆ ಹಚ್ಚುತ್ತಾರೆ, ಉಗುರಿಗೆ ಹಚ್ಚುತ್ತಾರೆ. ಡಬ್ಬಿಯೋ, ಕಡ್ಡಿಯೋ, ಗುಂಟೂರೋ ಎಂದು ಖರೀದಿದಾರ ಕಣ್ಣಲ್ಲೇ ಜಾತಿ ಹೇಳುತ್ತಾನೆ, ಚೂರು ಬಿಳುಚಿದರೆ ದರ ಪಾತಾಳಕ್ಕೆ. ನಾಟಿ ಬೀಜದ್ದೇ ಕಾಯಿ ಎಂದು ರೈತ ಆಣೆ ಇಟ್ಟರೂ ಅಲ್ಲಿ ಅಪ್ಪ ಅವ್ವನ ಸಾಕ್ಷಿ ನಡೆಯುವುದಿಲ್ಲ. ಆದರೂ ಒಂದು ವ್ಯತ್ಯಾಸ ಉಂಟು: ಮೆಣಸಿನಕಾಯಿಯನ್ನು ಕೊಳ್ಳುವುದೇ ಬಣ್ಣಕ್ಕೆ. ಕುದುರೆಯನ್ನು ಯಾರೂ ಅರೆದು ಸಾರಿಗೆ ಹಾಕುವುದಿಲ್ಲ.

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಹುಡುಕುವ ಸುಳಿಯ ಕಥೆಯೂ ಇದೇ. ಹಲ್ಲು ಗಟ್ಟಿ, ಹೆಗಲು ಗಟ್ಟಿ, ನಡಿಗೆ ಚಂದ. ಆದರೆ ಕೂದಲ ಸುಳಿ ಎರಡು ಬೆರಳು ಆಚೆ ಸರಿದಿದೆ ಎಂದು ಹತ್ತು ಸಾವಿರ ಕಡಿಮೆ. ಮದುವೆ ಮಾರುಕಟ್ಟೆಯ ಬಯೋಡಾಟಾದಲ್ಲಿ ಬರೆಯುವ ‘ಗೋಧಿ ಬಣ್ಣ’ ಎಷ್ಟು ಹೊಲಗಳ ಗೋಧಿಯನ್ನು ಅವಮಾನಿಸಿದೆಯೋ! ಅಪ್ಪ ಅವ್ವ ಇಬ್ಬರ ಪ್ರಮಾಣಪತ್ರ ಲಗತ್ತಿಸಿದ ಮೇಲೂ ‘ನೀನು ನೀನೇ ಎಂಬುದಕ್ಕೆ ದಾಖಲೆ ಏನು’ ಎಂದು ಕೇಳಿದ ಗುಮಾಸ್ತನ ಮುಂದೆ ನಾನೂ ಒಮ್ಮೆ ನಿಂತಿದ್ದೇನೆ. ಯಾವ ಊರಿನ ಕಚೇರಿ ಎಂದು ಕೇಳಬೇಡಿ. ಅಂದು ನಾನು ಬೋಳು ಅಪಲೂಸಾ.

ಅಪಲೂಸಾದ ಕಥೆಯಲ್ಲಿ ಕಾಕಾನನ್ನು ನಿಜಕ್ಕೂ ನಗಿಸಿದ್ದು ಬೇರೆ ಸಂಗತಿ. ಮಚ್ಚೆಯ ವಂಶವಾಹಿ ಅಪ್ಪ ಅವ್ವ ಇಬ್ಬರಿಂದಲೂ ಬಂದ ಕುದುರೆ ಸಾಕುವವರಿಗೆ ಚಿನ್ನದ ಗಣಿ, ಅದರ ಪ್ರತಿ ಮರಿಗೂ ಆ ವಂಶವಾಹಿ ಖಾತ್ರಿ. ಆದರೆ ಅದಕ್ಕೆ ಹುಟ್ಟುತ್ತಲೇ ಇರುಳುಗಣ್ಣು. ಚರ್ಮದಲ್ಲಿ ಚಿತ್ತಾರ ಬರೆಯುವ ಗಡಿಬಿಡಿಯೇ ಕಣ್ಣಿನಲ್ಲಿ ಮಬ್ಬುಬೆಳಕಿನ ಸುದ್ದಿಯನ್ನು ತಡೆಯುತ್ತದೆ. ಟಿಆರ್‌ಪಿಎಂ1 ಎಂಬ ವಂಶವಾಹಿಯಲ್ಲಿನ ಈ ದೋಷವನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಪರ್ಮಿಟ್ಟಿಗೆ ಅಲೆಯುವ ಬೋಳು ಕುದುರೆಗೆ ಈ ದೋಷ ಇಲ್ಲ.

“ಅಂದ್ರ ಕಣ್ಣು ಕಾಣೋದಕ್ಕ ದಂಡ,” ಎಂದ ಕಾಕಾ. “ಕಾಣಲಾರದ್ದಕ್ಕ ಹಾರ.”

ಕಾರಹುಣ್ಣಿಮೆಯ ಸಂಜೆ ಕರಿ ಹರಿಯಲು ಊರೆಲ್ಲ ಅಗಸಿಯ ಮುಂದೆ ನೆರೆದಿತ್ತು. ಬೇವಿನ ತೋರಣ ಹರಿದು ಮೊದಲು ದಾಟಿದ ಎತ್ತು ಕೆಂದಾದರೆ ಮುಂಗಾರಿ ಪೀಕು ಚಲೋ, ಬಿಳಿದಾದರೆ ಹಿಂಗಾರಿ. ಬಣ್ಣವನ್ನು ನಾವೂ ನೋಡುತ್ತೇವೆ, ಓಟ ಮುಗಿದ ಮೇಲೆ. ಈ ಸಲ ಮುಂದೆ ಬಂದದ್ದು ಕಾಕಾನ ಬಿಳಿ ಎತ್ತು, ಮೈತುಂಬ ಕೆಂಪು ಲೋಟದ ಮಚ್ಚೆ. ಅದನ್ನು ಬಿಳಿ ಎಂದು ಎಣಿಸಬೇಕೋ ಕೆಂಪು ಎಂದೋ? ಹಿರಿಯರ ಪಂಚಾಯಿತಿ ಕೂತಿತು. ಶೇಂಗಾ ಬಿತ್ತಿದವರು ಒಂದು ಕಡೆ, ಬಿಳಿಜೋಳದವರು ಇನ್ನೊಂದು ಕಡೆ. ಮಾತು ಬೆಳೆದು ಅಂಗಿಯ ಕಾಲರಿಗೆ ಬರುವಷ್ಟರಲ್ಲಿ ಮಳೆ ಹೊಡೆಯಿತು. ಹುರಮಂಜು ಎತ್ತಿನ ಹೊಟ್ಟೆಗುಂಟ ಇಳಿದು ನೆಲಕ್ಕೆ ಹರಿಯಿತು. ಕಾಕಾ ಹಗ್ಗ ಹಿಡಿದು, ಮುಂದಿನ ಕಾರಹುಣ್ಣಿಮೆಗೆ ಮತ್ತೆ ಬೇಕಲ್ಲ ಎಂದು ಲೋಟವನ್ನು ಕಿಸೆಯಲ್ಲಿ ಇಟ್ಟುಕೊಂಡು ಮನೆಗೆ ನಡೆದ.