ಕೊಂಬಿಗೆ ಕೋಟಿ

ಪಾಕಿಸ್ತಾನದ ಚಿತ್ರಾಲ್ ಪಟ್ಟಣದಿಂದ ಗರಂ ಚಶ್ಮಾ ಕಡೆಗೆ ಹೋಗುವ ರಸ್ತೆಯಲ್ಲಿ ತೂಶಿ ಎಂಬ ಜಾಗವಿದೆ. ಚಳಿಗಾಲದ ಸಂಜೆ ಎದುರು ದಡದ ಬಂಡೆಗಳಿಂದ ಮಾರ್ಖೋರ್ ಎಂಬ ಕಾಡುಮೇಕೆಗಳು ಹೊಳೆಯ ನೀರಿಗೆ ಇಳಿಯುತ್ತವೆ. ಈಚೆ ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಜನ ನೋಡುತ್ತಾರೆ. ಸಂದರ್ಶನ ಕಾಲ್ಪನಿಕವಾದ್ದರಿಂದ ನನಗೆ ವೀಸಾ ಬೇಕಾಗಲಿಲ್ಲ. ಹಿರಿಯ ಹೋತರಾಯರು ಸಿಕ್ಕಿದ್ದು ಓಕ್ ಮರದ ಮೇಲೆ. ಹೌದು, ಮರದ ಮೇಲೆಯೇ. ನಾಲ್ಕೂ ಗೊರಸುಗಳನ್ನು ಒಂದೇ ಕೊಂಬೆಯ ಮೇಲೆ ಒತ್ತಾಗಿ ಊರಿ, ಮೂತಿಯಿಂದ ಹಿಮ ಸರಿಸಿ ಎಲೆ ಕೀಳುತ್ತಿದ್ದರು. ಗಲ್ಲದಿಂದ ಎದೆಯ ಕೆಳಗಿನವರೆಗೂ ಇಳಿಬಿದ್ದ ಗಡ್ಡ. ತಲೆಯ ಮೇಲೆ ಸುರುಳಿ ಸುತ್ತುತ್ತ ಏರಿದ ಎರಡು ಕೊಂಬು.

ಪ್ರಶ್ನೆ: ನಮಸ್ಕಾರ. ತಮ್ಮ ವಯಸ್ಸು?

ಹೋತ: ಕೊಂಬಿನ ಗೆರೆ ಎಣಿಸಿಕೊಳ್ಳಿ. ಹತ್ತು. ಉದ್ದ ನಲವತ್ತೆರಡು ಇಂಚು. ಟೇಪು ತಂದಿದ್ದೀರಾ?

ಪ್ರಶ್ನೆ: ಇಲ್ಲ, ಪೆನ್ನು ತಂದಿದ್ದೇನೆ.

ಹೋತ: ಹಾಗಾದರೆ ಗಿರಾಕಿಯಲ್ಲ. ಏನು ಕೇಳಬೇಕೋ ಬೇಗ ಕೇಳಿ, ಸೀಸನ್ನು ನಡೆಯುತ್ತಿದೆ.

ಪ್ರಶ್ನೆ: ನಿಮ್ಮನ್ನು ಕೊಲ್ಲುವ ಹಕ್ಕನ್ನು ಸರಕಾರವೇ ಹರಾಜಿಗೆ ಇಡುತ್ತದಂತೆ?

ಹೋತ: ಇಡುತ್ತದೆ. ಕೂಗುವ ದರ ಕೇಳಿದರೆ ನಿಮಗೆ ತಲೆ ತಿರುಗೀತು. 2019ರಲ್ಲಿ ಅಮೆರಿಕದವನೊಬ್ಬ 1,10,000 ಡಾಲರ್ ಕೊಟ್ಟಾಗ ಜಗತ್ತೇ ಬಾಯಿ ಬಡಿದುಕೊಂಡಿತು. 2024ರಲ್ಲಿ ನಮ್ಮ ತೂಶಿಯ ಪರವಾನಗಿ 2,71,000ಕ್ಕೆ ಹೋಯಿತು. ಆ ವರ್ಷ ನಾವು ನಡೆಯುತ್ತಿದ್ದ ಠೀವಿಯನ್ನು ನೀವು ನೋಡಬೇಕಿತ್ತು. ಮರುವರ್ಷ ಆ ನಂಗಾ ಪರ್ಬತದ ಕಡೆಯ ದಾಯಾದಿ, ಆಸ್ತೋರ್ ತಳಿಯವನು, 3,70,000ಕ್ಕೆ ಹೋಗಿಬಿಟ್ಟ. ನಿಮ್ಮ ರೂಪಾಯಿಯಲ್ಲಿ ಮೂರು ಕೋಟಿಯ ಮೇಲೆ. ಅವನ ಕೊಂಬು ನೋಡಿದ್ದೀರಾ? ಅಗಲಕ್ಕೆ ಹರಡಿಕೊಂಡಿದೆ ಅಷ್ಟೆ, ಸುರುಳಿ ಎಲ್ಲಿದೆ? ದುಡ್ಡಿದ್ದವರಿಗೆ ಅಭಿರುಚಿ ಇರಬೇಕೆಂದೇನಿಲ್ಲ ಬಿಡಿ.

ಪ್ರಶ್ನೆ: ಆದರೂ ಇದು ಕ್ರೌರ್ಯವಲ್ಲವೇ?

ಹೋತ: ತಮ್ಮದು ಯಾವೂರು?

ಪ್ರಶ್ನೆ: ಬೆಂಗಳೂರು.

ಹೋತ: ಮಧ್ಯಾಹ್ನ ಏನು ಊಟ ಮಾಡಿದಿರಿ?

(ದೊನ್ನೆ ಬಿರಿಯಾನಿ ಎಂದು ಹೇಳುವುದು ಸಂದರ್ಭಕ್ಕೆ ಸರಿಬೀಳಲಿಲ್ಲ. ಮುಂದಿನ ಪ್ರಶ್ನೆಗೆ ಹೋದೆ.)

ಪ್ರಶ್ನೆ: ಬೇಟೆಯಿಂದ ಪ್ರಾಣಿ ಉಳಿಯುತ್ತದೆ ಎಂಬ ವಾದವೇ ನನಗೆ ಅರ್ಥವಾಗುವುದಿಲ್ಲ.

ಹೋತ: ನನಗೂ ಬಹಳ ದಿನ ಅರ್ಥವಾಗಿರಲಿಲ್ಲ. ಬಲೂಚಿಸ್ತಾನದಲ್ಲಿ ತೋರ್ಘರ್ ಎಂಬ ಬೆಟ್ಟಸಾಲಿದೆ. ಅಲ್ಲಿರುವವರು ನಮ್ಮದೇ ಪೈಕಿ, ಆದರೆ ನೇರ ಕೊಂಬಿನವರು. ಅಫ್ಘಾನಿಸ್ತಾನದ ಯುದ್ಧ ಶುರುವಾದ ಮೇಲೆ ಆ ಸೀಮೆಯಲ್ಲಿ ಬಂದೂಕಿಗೆ ಬರವೇ ಇಲ್ಲ. ಮನೆಗೊಂದು ರೈಫಲ್, ಸಂಜೆಗೊಂದು ಸಾರು. 1980ರ ದಶಕದ ನಡುವಿಗೆ ಅವರು ನೂರು ಜನವೂ ಉಳಿದಿರಲಿಲ್ಲ ಎಂಬುದು ಅಂದಿನ ಅಂದಾಜು. ಆಗ ಅಲ್ಲಿನ ಬುಡಕಟ್ಟಿನ ಮುಖಂಡ ನವಾಬ್ ತೈಮೂರ್ ಶಾ ಜೋಗೆಜೈ ಒಂದು ಉಪಾಯ ಹೂಡಿದರು. ಕೊಲ್ಲುತ್ತಿದ್ದವರನ್ನೇ ಕರೆದು ಸಂಬಳಕ್ಕಿಟ್ಟು ಕಾವಲುಗಾರರನ್ನಾಗಿ ಮಾಡಿದರು. ಸಂಬಳ ಎಲ್ಲಿಂದ? ವರ್ಷಕ್ಕೆ ಒಂದೋ ಎರಡೋ ಮುದಿ ಹೋತವನ್ನು ಹೊರದೇಶದ ಬೇಟೆಗಾರನಿಗೆ ಮಾರಿದ ದುಡ್ಡಿನಿಂದ. ಕಾವಲುಗಾರಿಕೆಗೆ ಅವರಿಗಿಂತ ಯೋಗ್ಯರು ಯಾರಿದ್ದರು ಹೇಳಿ? ನಾವು ಯಾವ ಬಿರುಕಿನಲ್ಲಿ ಮಲಗುತ್ತೇವೆ, ಯಾವ ಒರತೆಗೆ ಇಳಿಯುತ್ತೇವೆ ಎಂಬುದೆಲ್ಲ ಬಾಯಿಪಾಠ. 2005ರ ಎಣಿಕೆಯಲ್ಲಿ ಅಲ್ಲಿ ಎರಡೂವರೆ ಸಾವಿರ ತಲೆ ಸಿಕ್ಕವು.

ಪ್ರಶ್ನೆ: ಇದಕ್ಕೆ ಅಂತಾರಾಷ್ಟ್ರೀಯ ಒಪ್ಪಿಗೆ ಇದೆಯೇ?

ಹೋತ: ಕಾಗದಪತ್ರವಿಲ್ಲದೆ ನನ್ನ ತಲೆ ವಿಮಾನ ಹತ್ತುವುದೇ ಇಲ್ಲ. 1997ರಲ್ಲಿ ವನ್ಯಜೀವಿ ವ್ಯಾಪಾರದ ಒಪ್ಪಂದಕ್ಕೆ ಸೇರಿದ ದೇಶಗಳವರು ಹರಾರೆಯಲ್ಲಿ ಸಭೆ ಸೇರಿ ಇಡೀ ಪಾಕಿಸ್ತಾನಕ್ಕೆ ವರ್ಷಕ್ಕೆ ಆರು ತಲೆ ಎಂದು ಗೊತ್ತುಮಾಡಿದರು. 2002ರಲ್ಲಿ ಹನ್ನೆರಡು ಮಾಡಿದರು. 2015ರಲ್ಲಿ ಅಳಿವಿನ ಪಟ್ಟಿ ಬರೆಯುವವರು ನಮ್ಮನ್ನು ‘ಅಳಿವಿನಂಚು’ ಪಟ್ಟಿಯಿಂದ ‘ಅಪಾಯಕ್ಕೆ ಹತ್ತಿರ’ ಪಟ್ಟಿಗೆ ವರ್ಗಾಯಿಸಿದರು. ಬಡ್ತಿಯಂತೆ. ಆರ್ಡರ್ ಕಾಪಿ ನನಗಿನ್ನೂ ಬಂದಿಲ್ಲ.

ಪ್ರಶ್ನೆ: ಹರಾಜಿನ ದುಡ್ಡು ಯಾರಿಗೆ?

ಹೋತ: ನೂರಕ್ಕೆ ಎಂಬತ್ತು ಊರಿಗೆ, ಇಪ್ಪತ್ತು ಸರಕಾರಕ್ಕೆ. ಊರಿನವರು ಶಾಲೆಗೆ, ನೀರಿನ ಕಾಲುವೆಗೆ, ಕಾವಲುಗಾರರ ಸಂಬಳಕ್ಕೆ ಎನ್ನುತ್ತಾರೆ. ಮಾಂಸವೂ ಊರಿಗೇ. ಸಾಹೇಬನಿಗೆ ಕೊಂಬು, ಚರ್ಮ ಮತ್ತು ಫೋಟೋ. ಮೊದಲು ನಾನು ಅವರ ಮೇಕೆಗಳ ಹುಲ್ಲು ಮೇಯುವ ಕಳ್ಳನಾಗಿದ್ದೆ. ಈಗ ನಾನು ಸೀನಿದರೆ ಸಮಿತಿಯ ಅಧ್ಯಕ್ಷರಿಗೆ ನಿದ್ದೆ ಬರುವುದಿಲ್ಲ. ಮಾರಿಹಬ್ಬಕ್ಕೆ ಬಿಟ್ಟ ಕೋಣನ ವೈಭೋಗ ನಿಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲವಲ್ಲ.

ಪ್ರಶ್ನೆ: ದೊಡ್ಡ ಕೊಂಬಿನವರನ್ನೇ ಆರಿಸಿ ಹೊಡೆದರೆ ತಳಿ ಕುಗ್ಗುವುದಿಲ್ಲವೇ?

ಹೋತ: (ಮೊದಲ ಬಾರಿಗೆ ಮೇಯುವುದನ್ನು ನಿಲ್ಲಿಸಿ) ಇದನ್ನು ಯಾರು ಹೇಳಿಕೊಟ್ಟರು ನಿಮಗೆ? ಕೆನಡಾದ ರಾಮ್ ಮೌಂಟನ್‌ನಲ್ಲಿ ಕಾಡುಕುರಿಗಳ ಮೇಲೆ ಮೂವತ್ತು ವರ್ಷ ಲೆಕ್ಕ ಇಟ್ಟರು. ದೊಡ್ಡ ಕೊಂಬಿನ ಟಗರುಗಳನ್ನು ಹೊಡೆಯುತ್ತ ಹೋದಂತೆ ಹಿಂಡಿನ ಕೊಂಬೇ ಸಣ್ಣದಾಗುತ್ತ ಬಂತು. ಅಲ್ಲಿ ಟಗರುಗಳು ಮರಿ ಹುಟ್ಟಿಸುವ ಭರದ ಪ್ರಾಯಕ್ಕೆ ಬರುವ ಮೊದಲೇ ಗುಂಡು ಬೀಳುತ್ತಿತ್ತು. ಇಲ್ಲಿ ನನ್ನಂಥ ಮುದುಕರನ್ನೇ ತೋರಿಸುತ್ತಾರೆ. ವರ್ಷಕ್ಕೆ ಹನ್ನೆರಡು ಎಂಬ ಸಂಖ್ಯೆಯಿಂದ ಸದ್ಯಕ್ಕೆ ತೊಂದರೆಯಿಲ್ಲ. ನನಗಿರುವ ಭಯ ಆ ಸಂಖ್ಯೆಯದಲ್ಲ, ದರದ್ದು. ದರ ಹೀಗೆ ಏರಿದರೆ, ‘ಇನ್ನೂ ನಾಲ್ಕು ಸೇರಿಸಿದರೆ ಏನು ಹೋಯಿತು’ ಎನ್ನುವ ಅಧಿಕಾರಿ ಹುಟ್ಟಿಯೇ ಹುಟ್ಟುತ್ತಾನೆ. ಅಥವಾ ಆ ಸಾಹೇಬರ ಮಕ್ಕಳಿಗೆ ಗೋಡೆಯ ಮೇಲಿನ ತಲೆ ಅಸಹ್ಯವಾಗಿ, ಅವರು ಗಾಲ್ಫ್ ಆಡಲು ಹೋದರೆ? ಕಾವಲುಗಾರನ ಸಂಬಳ ನಿಂತಿತು. ರೈಫಲ್ ಮಾತ್ರ ಮನೆಯಲ್ಲೇ ಇದೆ.

ಪ್ರಶ್ನೆ: ಅದಕ್ಕೇ ಬಂದೂಕಿನ ಬದಲು ಕ್ಯಾಮೆರಾ ಹಿಡಿದ ಪ್ರವಾಸಿಗರು ಬರಲಿ ಎನ್ನುತ್ತೇವೆ.

ಹೋತ: ಆ ರಸ್ತೆ ನೋಡಿ. ಕ್ಯಾಮೆರಾದವರು ದಿನಾ ಬರುತ್ತಾರೆ. ಚಹಾ ಕುಡಿದು, ಚಿಪ್ಸ್ ಪೊಟ್ಟಣ ಹೊಳೆಗೆ ಎಸೆದು, ‘ಅಯ್ಯೋ ಎಷ್ಟು ಮುದ್ದಾಗಿದೆ’ ಎಂದು ಹೋಗುತ್ತಾರೆ. ನನಗಾಗಿ ಮರುಗುವವರೆಲ್ಲ ಸೇರಿ ಒಂದು ವರ್ಷ 2,71,000 ಡಾಲರ್ ಕೂಡಿಸಿ ಈ ಊರಿಗೆ ಕೊಟ್ಟುಬಿಡಿ. ನಾನು ನಾಳೆಯೇ ಅಹಿಂಸಾವಾದಿ.

ಪ್ರಶ್ನೆ: ಭಾರತದಲ್ಲಿ ಕಾನೂನಿದೆ. ನಿಮ್ಮನ್ನು ಯಾರೂ ಮುಟ್ಟುವಂತಿಲ್ಲ.

ಹೋತ: ಗೊತ್ತು. ಕಾಶ್ಮೀರದ ಕಾಜಿನಾಗ್, ಹಿರ್ಪೋರಾ ಕಡೆ ನಮ್ಮವರು ಕೆಲವು ನೂರು ಇದ್ದಾರೆ. ಗುಂಡಿಲ್ಲ, ನಿಜ. ಹುಲ್ಲೂ ಇಲ್ಲ. ಬೇಸಿಗೆಯಲ್ಲಿ ಸಾವಿರಾರು ಕುರಿಮೇಕೆ ಅದೇ ಇಳಿಜಾರಿಗೆ ಹತ್ತುತ್ತವೆ, ಹಿರ್ಪೋರಾ ಅಭಯಾರಣ್ಯದ ನಡುವೆಯೇ ಮೊಘಲ್ ರಸ್ತೆ ಹಾಕಿದ್ದೀರಿ. ಅದಿರಲಿ, ನಿಮ್ಮ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಎಂಬ ಮನೆತನದವರು ಹುಲಿ, ಚಿರತೆಗಳ ಚರ್ಮಕ್ಕೆ ಆಕಾರ ತುಂಬಿ, ಗಾಜಿನ ಕಣ್ಣಿಟ್ಟು ರಾಜಮಹಾರಾಜರ ದಿವಾನಖಾನೆಗೆ ಕಳಿಸುತ್ತಿದ್ದರಲ್ಲ. ಆ ಹುಲಿಗಳಲ್ಲಿ ಒಂದರಿಂದಾದರೂ ಯಾವ ಹಾಡಿಗೆ ಶಾಲೆ ಬಂತು?

ಪ್ರಶ್ನೆ: ಹಿಮಚಿರತೆಯ ಜೊತೆ ಸಂಬಂಧ ಹೇಗಿದೆ?

ಹೋತ: ಅದು ಟೇಪು ಹಿಡಿಯುವುದಿಲ್ಲ, ವಯಸ್ಸು ಕೇಳುವುದಿಲ್ಲ, ಹರಾಜಿಗೂ ಬರುವುದಿಲ್ಲ. ನಾವು ಹೆಚ್ಚಾದಷ್ಟೂ ಅದಕ್ಕೆ ಲಾಭ. ಒಟ್ಟು ಯೋಜನೆಯಲ್ಲಿ ಒಂದು ಕಾಸೂ ಖರ್ಚಿಲ್ಲದ ಫಲಾನುಭವಿ ಅದೊಂದೇ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ಏನಾದರೂ ಸಂದೇಶ?

ಹೋತ: ಸಂದೇಶ ಬಿಟ್ಟಿಯಲ್ಲ. ಸಂದರ್ಶನದ ಫೀಸು?

(ಐನೂರರ ನೋಟು ತೆಗೆದೆ.)

ಹೋತ: ನಾನೂರು ಊರಿಗೆ, ನೂರು ಸರಕಾರಕ್ಕೆ.

ಪ್ರಶ್ನೆ: ಮತ್ತೆ ನಿಮಗೆ?

ಹೋತ: ಫಾರಂನಲ್ಲಿ ಆ ಕಾಲಂ ಇಲ್ಲ ಸ್ವಾಮಿ. ರಸೀದಿ ಮಾತ್ರ ಮರೆಯದೆ ಬರೆಸಿಕೊಳ್ಳಿ.